ಎರಡನೆಯ ಸ್ಯಾಂಪಲ್ ಬಗ್ಗೆ ಮಗಳಿಗೆ

ಕಾರಟಗಿ,
ಗುರುವಾರ ರಾತ್ರಿ

ಮಗಳೇ, ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಕೊನೆಯ ಸಾಲುಗಳು ಎರಡು ದಿನದಿಂದ ನನ್ನ ನಿದ್ದೆ ಕೆಡಿಸಿವೆ. ನಿನ್ನ ಲ್ಯಾಬಿನ ಆ ತೆಳು ಇಂಗಾಲದ ಪದರಗಳ ಮೊದಲನೆಯ ಸ್ಯಾಂಪಲ್‌ನಲ್ಲಿ ವಿದ್ಯುತ್ತಿಗೆ ಒಡ್ಡುವ ರೋಧ ಸೊನ್ನೆಗಿಳಿಯಿತು, ಎರಡನೆಯದರಲ್ಲಿ ಇಳಿಯಲಿಲ್ಲ, ಸಂಶೋಧನೆಯ ಗೈಡ್‌ಗೆ ಇನ್ನೂ ಹೇಳಿಲ್ಲ ಎಂದು ಬರೆದಿದ್ದೀಯ. ಹೇಳಿದರೆ ಮೊದಲನೆಯದನ್ನೂ ಅವರು ನಂಬಲಾರರೇನೋ ಎಂದು ಹೆದರಿದ್ದೀಯ.

ಯುಗಾದಿಗೆ ಬಂದಾಗ ಪೆನ್ಸಿಲ್ ಸೀಸವನ್ನು ಟೇಪಿಗೆ ತಿಕ್ಕಿ, ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ನನಗೆ ತೋರಿಸಿದ್ದೆ. ಕಪ್ಪು ಕಲೆ ಬೂದುಬಣ್ಣಕ್ಕೆ ತಿರುಗಿ, ಕೊನೆಗೆ ಹೊಗೆಯಂತೆ ತೆಳುವಾಯಿತು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಎಂಬ ವಿಜ್ಞಾನಿಗಳು ಹೀಗೇ ಒಂದೇ ಪರಮಾಣು ದಪ್ಪದ ಇಂಗಾಲದ ಪದರವನ್ನು, ಅಂದರೆ ಗ್ರ್ಯಾಫೀನನ್ನು, ಬಿಡಿಸಿದರೆಂದೂ, 2010ರಲ್ಲಿ ಅವರಿಗೆ ನೊಬೆಲ್ ಬಂತೆಂದೂ ಹೇಳಿದ್ದೆ. ಅಂತಹ ಎರಡು ಪದರಗಳನ್ನು ಒಂದರ ಮೇಲೊಂದಿಟ್ಟು ಸುಮಾರು 1.1 ಡಿಗ್ರಿ ತಿರುಗಿಸಿ, ಎಲೆಕ್ಟ್ರಾನುಗಳ ಲೆಕ್ಕ ಸರಿಹೊಂದಿಸಿ, ಅದಕ್ಕಿಂತ ತಣ್ಣಗಾಗಲಾರದ ಪರಮಶೂನ್ಯದ ಹತ್ತಿರಕ್ಕೆ ತಣಿಸಿದರೆ ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯುತ್ತದೆ, 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಕಂಡದ್ದು ಇದನ್ನೇ ಎಂದಾಗ ನಿನ್ನ ಕಣ್ಣು ಹೊಳೆಯುತ್ತಿದ್ದವು. ಆ ಕೋನ ಎಷ್ಟು ಚಂಚಲವೆಂದು ಹೇಳಿದವಳೂ ನೀನೇ. ಬಿಸಿ ತಗುಲಿದರೆ ಪದರಗಳು ಜಾರುತ್ತವೆ. ಒಂದೇ ಸ್ಯಾಂಪಲ್‌ನಲ್ಲೂ ಈ ಮೂಲೆಯ ಕೋನ ಆ ಮೂಲೆಯಲ್ಲಿರುವುದಿಲ್ಲ. ಇಷ್ಟು ತಿಳಿದವಳಿಗೆ ಹೇಳಲು ಏಕೆ ಭಯ, ತಾಯಿ?

ಏಕೆಂದು ನನಗೆ ಗೊತ್ತಿದೆ. ಅದಕ್ಕೇ ನಿದ್ದೆ ಬರುತ್ತಿಲ್ಲ.

ಇದನ್ನು ನಿನ್ನ ದೊಡ್ಡಮ್ಮನಿಗೂ ನಾನು ಪೂರ್ತಿ ಹೇಳಿಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ ಒಂದು ಉಪಕಾಲುವೆಯ ಮೇಲೆ ನೀರಿನ ಗೇಜ್ ಬರೆಯುವ ಕೆಲಸ ನನ್ನದಾಗಿತ್ತು. ಒಂದು ಬೆಳಿಗ್ಗೆ ನಾಲ್ಕು ಅಡಿ ಇರಬೇಕಾದಲ್ಲಿ ಎರಡೂವರೆ ಇತ್ತು. ನಾಳೆ ಸರಿಹೋದೀತು ಎಂದುಕೊಂಡು ನಾಲ್ಕೆಂದೇ ಬರೆದೆ. ಮರುದಿನವೂ ಎರಡೂವರೆಯೇ. ಈಗ ನಿಜ ಬರೆದರೆ ನಿನ್ನೆಯದು ಸುಳ್ಳೆಂದು ಗೊತ್ತಾಗುತ್ತದಲ್ಲ? ಹೀಗೆ ಹನ್ನೊಂದು ದಿನ ನಾಲ್ಕನ್ನೇ ಬರೆದೆ. ಕೊನೆ ಭಾಗದ ಹೊಲಗಳಲ್ಲಿ ಭತ್ತ ತೆನೆ ಕಟ್ಟುವ ಹೊತ್ತು ಅದು. ಒಬ್ಬ ಮುದುಕ ನಾಲ್ಕು ತೆನೆ ಕಿತ್ತು ತಂದು ನನ್ನ ವಹಿಯ ಮೇಲಿಟ್ಟ. ಕಾಳನ್ನು ಉಗುರಿನಿಂದ ಒತ್ತಿದೆ, ಹಾಲು ಬರಲಿಲ್ಲ. ಎಲ್ಲ ಜೊಳ್ಳು. ಆತ ಒಂದು ಮಾತೂ ಬೈಯದೆ ಹೊರಟುಹೋದ. ಮೊದಲ ದಿನವೇ ಹೇಳಿದ್ದರೆ ನೀರು ಎಲ್ಲಿ ಸೋರುತ್ತಿದೆಯೆಂದು ಹುಡುಕುತ್ತಿದ್ದರು. ಬೈಸಿಕೊಂಡು ಮುಗಿಯುತ್ತಿತ್ತು.

ನೀನು ಸುಳ್ಳು ಬರೆದಿಲ್ಲ, ಸುಮ್ಮನಿದ್ದೀಯ ಅಷ್ಟೇ. ನಮ್ಮಿಬ್ಬರನ್ನು ಹೋಲಿಸುವುದೇ ತಪ್ಪಿರಬಹುದು. ಆದರೆ ಹಿಂದಿನದನ್ನು ಉಳಿಸಿಕೊಳ್ಳಲು ಇಂದಿನದನ್ನು ಮುಚ್ಚುವ ಆ ಭಯ ಒಂದೇ. ನಿನ್ನ ಅಕ್ಷರದಲ್ಲಿ ಅದನ್ನು ಓದಿದ ಕೂಡಲೇ ಆ ತೆನೆಗಳು ಕಣ್ಣಿಗೆ ಬಂದವು.

ನಿನ್ನ ವಿದ್ಯೆಯಲ್ಲಿ ಬುದ್ಧಿ ಹೇಳುವ ಅರ್ಹತೆ ನನಗಿಲ್ಲ. ಆದರೂ ಕೇಳುತ್ತೇನೆ, ಎರಡನೆಯದರಲ್ಲಿ ಬೇರೆ ಬೇರೆ ಮೂಲೆಗಳಿಗೆ ಜೋಡಿಸಿದ ತಂತಿಗಳ ನಡುವೆ ಅಳೆದು ನೋಡಿದ್ದೀಯಾ? ನೋಡಿಯೇ ಇರುತ್ತೀಯ, ತಪ್ಪು ತಿಳಿಯಬೇಡ. ಎರಡರ ನಕ್ಷೆಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗು. ಕಾರಣ ಸಿಗುವವರೆಗೆ ಕಾಯಬೇಡ, ಆ ಕಾಯುವುದರಲ್ಲೇ ನನ್ನ ಹನ್ನೊಂದು ದಿನ ಹೋದವು. ಮತ್ತೆ, ರಾತ್ರಿ ಊಟ ಬಿಟ್ಟು ಲ್ಯಾಬ್‌ನಲ್ಲಿ ಕೂರಬೇಡ. ಮೊದಲನೆಯದು ನಿಜವಾಗಿದ್ದರೆ ಎರಡನೆಯದನ್ನು ಹೇಳಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ, ನಿಜವಲ್ಲದಿದ್ದರೆ ನಿನಗೇ ಮೊದಲು ತಿಳಿಯಬೇಕಲ್ಲವೇ?

ಭಾನುವಾರ ಫೋನ್ ಮಾಡು. ನಮ್ಮ ಆರೋಗ್ಯ ವಿಚಾರಿಸುವ ಮೊದಲು, ಹೇಳಿದೆಯೋ ಇಲ್ಲವೋ, ಅದನ್ನು ಹೇಳು.

ನಿನ್ನ ದೊಡ್ಡಪ್ಪ