ನಾಲ್ಕನೆಯ ಮಾತ್ರೆಯ ಕುರಿತು ಅಪ್ಪನಿಗೆ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ತಮ್ಮ ಕಳುಹಿಸಿದ ವರದಿಗಳನ್ನೆಲ್ಲ ಓದಿದೆ. ಮೂರು ಮಾತ್ರೆಗಳಿಂದಲೂ ಬಿಪಿ ಇಳಿಯದೆ ವೈದ್ಯರು ನಾಲ್ಕನೆಯದನ್ನು ಸೂಚಿಸಿರುವುದೂ ತಿಳಿಯಿತು. ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಆರಂಭಿಸಿದ ಮೇಲೆ, ಮೂತ್ರಪಿಂಡದ ಸೋಸುವಿಕೆ ಕುಗ್ಗಿದಾಗ ರಕ್ತದಲ್ಲಿ ಹೆಚ್ಚುವ ತ್ಯಾಜ್ಯವಾದ ಕ್ರಿಯಾಟಿನಿನ್ 1.3ರಿಂದ 1.5ಕ್ಕೆ ಏರಿದ್ದನ್ನು ಕಂಡು, ಮಾತ್ರೆಯೇ ಮೂತ್ರಪಿಂಡವನ್ನು ಹಾಳುಮಾಡುತ್ತಿದೆಯೆಂದು ನೀವು ಅದನ್ನು ಬಿಡುವ ಯೋಚನೆಯಲ್ಲಿದ್ದೀರಿ ಎಂದು ಅಮ್ಮ ಹೇಳಿದರು. ದಯವಿಟ್ಟು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಮಾಡುವ ನಾನು, ಹೀಗೆ ಬಿಪಿ ಮಾತ್ರೆ ಬಿಟ್ಟು ಕೊನೆಗೆ ಯಂತ್ರದ ಪಕ್ಕದ ಹಾಸಿಗೆಗೆ ಬಂದವರನ್ನು ನೋಡುತ್ತಲೇ ಇರುತ್ತೇನೆ.

ಒಂದೊಂದು ಮೂತ್ರಪಿಂಡದಲ್ಲೂ ರಕ್ತ ಸೋಸುವ ಸೂಕ್ಷ್ಮ ನಾಳಗಳ ಗೊಂಚಲುಗಳು ಸುಮಾರು 10 ಲಕ್ಷದಷ್ಟಿರುತ್ತವೆ. ಒತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ಇವು ಗಡುಸಾಗಿ, ಮೂತ್ರದಲ್ಲಿ ಪ್ರೋಟೀನ್ ಸೋರತೊಡಗುತ್ತದೆ. ಹಾಗೆ ಸೊರಗಿದ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ದೇಹದಲ್ಲೇ ಉಳಿಸಿಕೊಂಡು ಬಿಪಿಯನ್ನು ಇನ್ನಷ್ಟು ಏರಿಸುತ್ತದೆ. ಟೆಲ್ಮಿಸಾರ್ಟನ್ ಈ ಗೊಂಚಲುಗಳಿಂದ ರಕ್ತ ಹೊರಹೋಗುವ ನಾಳವನ್ನು ಹಿಗ್ಗಿಸಿ ಒಳಗಿನ ಒತ್ತಡವನ್ನು ಇಳಿಸುವುದರಿಂದ, ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಶೇ 30ರೊಳಗಿನ ಏರಿಕೆಗೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ನಿಮ್ಮದು ಸುಮಾರು ಶೇ 15. ಏರಿಕೆ ಶೇ 30 ಮೀರಿದರೆ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳ ಕಿರಿದಾಗಿದೆಯೇ ಎಂದು ನೋಡಬೇಕಾಗುತ್ತದೆ.

ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಔಷಧಿಗಳನ್ನು ಪೂರ್ಣ ಪ್ರಮಾಣದಲ್ಲಿ ತೆಗೆದುಕೊಂಡರೂ ಬಿಪಿ ಇಳಿಯದಿದ್ದರೆ ಅದನ್ನು ಔಷಧಿಗೆ ಬಗ್ಗದ ರಕ್ತದೊತ್ತಡ ಎನ್ನುತ್ತಾರೆ. ಆದರೆ ಹಾಗೆಂದು ತೀರ್ಮಾನಿಸುವ ಮೊದಲು ಅಳತೆ ಸರಿಯಿರಬೇಕು. ನಿಮ್ಮ ತೋಳು ದಪ್ಪ. ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂಗಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚದೆ, ಬೆನ್ನಿಗೆ ಆಸರೆ ಕೊಟ್ಟು, 5 ನಿಮಿಷ ಮಾತಿಲ್ಲದೆ ಕುಳಿತು ನೋಡಬೇಕು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮಂಡಿನೋವಿಗೆ ನೀವು ನುಂಗುವ ಡೈಕ್ಲೊಫೆನಾಕ್. ಅದು ದೇಹದಲ್ಲಿ ಉಪ್ಪು ಉಳಿಸಿ ಬಿಪಿ ಮಾತ್ರೆಗಳ ಬಲ ಕುಗ್ಗಿಸುತ್ತದೆ, ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೂ ಕಡಿಮೆ ಮಾಡುತ್ತದೆ. ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆಗೆ ಸೇರಿದರೆ, ಅದರಲ್ಲೂ ವಾಂತಿಭೇದಿಯಾದ ದಿನಗಳಲ್ಲಿ, ಮೂತ್ರಪಿಂಡ ಹಠಾತ್ತನೆ ಕೈಕೊಡಬಹುದು. ನೀವು ಬಿಡಬೇಕಾದ ಮಾತ್ರೆ ಯಾವುದಾದರೂ ಇದ್ದರೆ ಅದು ಇದೇ. ನೋವಿಗೆ ಬೇರೆ ದಾರಿಯನ್ನು ವೈದ್ಯರಲ್ಲೇ ಕೇಳಿ. ನಿಮ್ಮ ಗೊರಕೆಯ ವಿಷಯವನ್ನೂ ಅಮ್ಮ ಅವರಿಗೆ ಹೇಳಲಿ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿಂದಲೂ ಬಿಪಿ ಹೀಗೆ ಹಟ ಹಿಡಿಯುತ್ತದೆ.

ವೈದ್ಯರು ಸೂಚಿಸಿರುವ ನಾಲ್ಕನೆಯ ಮಾತ್ರೆ ಸ್ಪೈರೊನೊಲ್ಯಾಕ್ಟೋನ್ ಒಳ್ಳೆಯ ಆಯ್ಕೆಯೆಂದೇ ನನಗನ್ನಿಸುತ್ತದೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಾಥ್‌ವೇ-2 ಅಧ್ಯಯನದಲ್ಲಿ, ಇಂಥ ರೋಗಿಗಳ ಬಿಪಿ ಇಳಿಸುವುದರಲ್ಲಿ ಅದು ಬೈಸೊಪ್ರೊಲಾಲ್ ಮತ್ತು ಡಾಕ್ಸಜೊಸಿನ್ ಎಂಬ ಬೇರೆ ಬಿಪಿ ಮಾತ್ರೆಗಳಿಗಿಂತ ಮೇಲೆನಿಸಿತು. ಆದರೆ ಅದನ್ನು ಆರಂಭಿಸುವ ಮೊದಲೇ ಆಲ್ಡೋಸ್ಟಿರಾನ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ, ಏಕೆಂದರೆ ಆ ಹಾರ್ಮೋನಿನ ಹೆಚ್ಚಳವೇ ಕೆಲವರಲ್ಲಿ ಬಿಪಿ ಇಳಿಯದಿರಲು ಮೂಲ ಕಾರಣ. ಈ ನಾಲ್ಕನೆಯ ಮಾತ್ರೆಯ ಅಪಾಯವೆಂದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಒಂದೆರಡು ವಾರದೊಳಗೆ ರಕ್ತಪರೀಕ್ಷೆ ಆಗಲೇಬೇಕು. ಪೊಟ್ಯಾಸಿಯಂ ಬೆರೆಸಿದ ಬದಲಿ ಉಪ್ಪು ಬೇಡವೇ ಬೇಡ. ಮಾಮೂಲಿ ಉಪ್ಪೂ ದಿನಕ್ಕೆ 5 ಗ್ರಾಂ ಮೀರದಿರಲಿ.

ತಮ್ಮ ಕೇಳಿದ ಮೂತ್ರಪಿಂಡದ ನರಗಳಿಗೆ ಶಾಖ ಕೊಡುವ ಚಿಕಿತ್ಸೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದರಿಂದ ಬಿಪಿ ಇಳಿಯುವುದು ಸ್ವಲ್ಪವೇ, ಮಾತ್ರೆಗಳೂ ಸಾಮಾನ್ಯವಾಗಿ ತಪ್ಪುವುದಿಲ್ಲ. ಸದ್ಯಕ್ಕೆ ಅದು ಬೇಡ.

ಒಂದು ವಾರ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ರಾತ್ರಿ ಎರಡೆರಡು ಸಲ ಬಿಪಿ ನೋಡಿ ಬರೆದಿಡಿ. ಆ ಹಾಳೆಯನ್ನೂ, ನೋವಿನ ಮಾತ್ರೆ ಸೇರಿದಂತೆ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ, ಪ್ರೋಟೀನ್ ಎಷ್ಟು ಸೋರುತ್ತಿದೆಯೆಂದು ತಿಳಿಸುವ, ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತದ ಪರೀಕ್ಷೆಯನ್ನು ಕೇಳಿ ಮಾಡಿಸಿ. ವರದಿ ಬಂದ ದಿನವೇ ತಮ್ಮನಿಂದ ನನಗೆ ಕಳುಹಿಸಿ.

ಇಂತಿ,
ನಿಮ್ಮ ಪ್ರೀತಿಯ ಮಗಳು