ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಫುಟ್‌ಬಾಲ್ ಪಂದ್ಯ ನೋಡಲು ಹೊರಡುವವರ ಗಮನಕ್ಕೆ
ಮೈಸೂರು ಬಳಗದವರೇ, ತಮಟೆ, ದೊಡ್ಡ ಬ್ಯಾನರ್ ತರುವವರು ಇವತ್ತೇ ತಿಳಿಸಿ. ಕ್ಲಬ್‌ನವರ ಒಪ್ಪಿಗೆ ಮೊದಲೇ ಕೇಳಬೇಕು. ಬ್ಯಾನರ್ ಬರಹದ ಫೋಟೋನೂ ಹಾಕಿ. ಬಿದಿರು ಕೋಲು ಬೇಡ, ಗೇಟಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಪಟಾಕಿ, ಬಣ್ಣದ ಹೊಗೆ ಅಂತೂ ಬೇಡವೇ ಬೇಡ. ಫಿಫಾ ಸುರಕ್ಷತಾ ನಿಯಮದಲ್ಲೇ ನಿಷೇಧ ಇದೆ. ಹಚ್ಚುವವನು ಒಬ್ಬ, ದಂಡ ಬೀಳುವುದು ಕ್ಲಬ್‌ಗೆ. ರೆಫರಿಯನ್ನು ಬೇಕಾದರೆ ಛೇಡಿಸಿ, ಅವರ ಅಮ್ಮನನ್ನು ಎಳೆಯಬೇಡಿ.

ಅಲ್ಲಿ ಮೈದಾನಕ್ಕೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ. ಒಬ್ಬೊಬ್ಬರು ಒಂದೊಂದು ಕೂಗಿದರೆ ಆಟಗಾರರಿಗೆ ಬರೀ ಗದ್ದಲ. ತಮಟೆಗೆ ಮೂರು ಪೆಟ್ಟು ಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಚಪ್ಪಾಳೆ, ಆಮೇಲೆ ಘೋಷಣೆ. ಸೋಲುತ್ತಿರುವಾಗಲೇ ಜಾಸ್ತಿ ಕೂಗಬೇಕು, ಅಲ್ವಾ?

ರೈಲಿಳಿದು ನೇರಳೆ ಮೆಟ್ರೋ ಹತ್ತಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಮಂಡ್ಯದವರು ಯಾವ ಬೋಗಿ ಅಂತ ಇಲ್ಲೇ ಹಾಕಿ.