ಕಮಾನು ಪೆಟ್ಟಿಗೆಯಲ್ಲೇ ಇದೆ, ತಾತ

ಕೋಪನ್‌ಹೇಗನ್
ನವೆಂಬರ್ 18

ಪೂಜ್ಯ ತಾತನವರಿಗೆ ನಿಮ್ಮ ಮೊಮ್ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಜ್ಜಿಯ ಮಂಡಿನೋವು ಕಡಿಮೆಯಾಗಿದೆ ಅಂತ ಅಮ್ಮ ಹೇಳಿದಳು, ಸಮಾಧಾನವಾಯಿತು. ಇಲ್ಲಿ ಈಗ ಸಂಜೆ ನಾಲ್ಕಕ್ಕೆಲ್ಲ ಕತ್ತಲು.

ಹೋದ ಭಾನುವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. "ಚೆಲ್ಲೋ ಕಮಾನಿನ ವಾದ್ಯ. ಮೀಟುವುದಾದರೆ ಮನೆಯಲ್ಲಿ ವೀಣೆಯೇ ಇತ್ತಲ್ಲಮ್ಮ?" ಅಂದಿರಿ. ವಾರವಿಡೀ ಅದೇ ತಲೆಯಲ್ಲಿದೆ.

ಕಮಾನು ಬಿಟ್ಟು ಬೆರಳಿನಿಂದ ಚೆಲ್ಲೋ ಮೀಟುವ ಈ ಹುಚ್ಚು ನನಗೆ ಹಿಡಿಸಿದವರು ಆಸ್ಕರ್ ಪೆಟಿಫೋರ್ಡ್. 1922ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಹುಟ್ಟಿದವರು, ಜಾಝ್ ಸಂಗೀತದ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದದಲ್ಲಿ ಡಬಲ್ ಬಾಸ್ ನುಡಿಸಿದವರು. ಬಾಸ್ ಅಂದರೆ ಆಳೆತ್ತರದ ಪಿಟೀಲು ಅಂದುಕೊಳ್ಳಿ. ಜಾಝ್‌ನಲ್ಲಿ ಅದನ್ನು ಹೆಚ್ಚಾಗಿ ಮೀಟುತ್ತಾರೆ. 1949ರಲ್ಲಿ ಬೇಸ್‌ಬಾಲ್ ಆಡುವಾಗ ಅವರ ತೋಳು ಮುರಿಯಿತು. ಅಷ್ಟು ದೊಡ್ಡ ವಾದ್ಯ ಹಿಡಿಯಲಾಗದೆ ಅದಕ್ಕಿಂತ ಚಿಕ್ಕದಾದ ಚೆಲ್ಲೋ ಎತ್ತಿಕೊಂಡರು. ಮೊದಲಿಗರು ಅವರೇ ಅಲ್ಲ. 1947ರಲ್ಲೇ ಹ್ಯಾರಿ ಬಬಾಸಿನ್ ಎಂಬವರು ಚೆಲ್ಲೋ ಮೀಟಿ ರೆಕಾರ್ಡ್ ಮಾಡಿದ್ದರು. ಆದರೆ ತೋಳು ವಾಸಿಯಾದ ಮೇಲೂ ಅದನ್ನು ಕೆಳಗಿಡದೆ ತಮ್ಮ ಎರಡನೇ ಕಂಠ ಮಾಡಿಕೊಂಡವರು ಪೆಟಿಫೋರ್ಡ್.

ಶ್ರುತಿಯ ವಿಷಯ ನಿಮಗೆ ಖಂಡಿತ ಹಿಡಿಸುತ್ತದೆ. ಚೆಲ್ಲೋದಲ್ಲಿ ನಾಲ್ಕು ತಂತಿ, ಒಂದರಿಂದ ಮುಂದಿನದಕ್ಕೆ ಸ-ಪ ಅಂತರ. ಬಾಸ್‌ನಲ್ಲಿ ಸ-ಮ. ಅವರು ಚೆಲ್ಲೋವನ್ನೂ ಸ-ಮಕ್ಕೆ ತಿರುಗಿಸಿಕೊಂಡರು, ಬಾಸ್‌ಗಿಂತ ಒಂದು ಸ್ಥಾಯಿ ಮೇಲೆ. ವರ್ಷಗಟ್ಟಲೆ ಪಳಗಿದ ಎಡಗೈಗೆ ದಾರಿ ಅದೇ, ನಡಿಗೆ ಮಾತ್ರ ಚುರುಕು. ತಂತಿಯನ್ನು ಹೊತ್ತ ಕುದುರೆ ಎಂಬ ಮರದ ತುಂಡಿನಿಂದ ಮೇಲಿನ ತುದಿಯವರೆಗೆ ಬಾಸ್‌ನ ತಂತಿ ಸುಮಾರು 105 ಸೆಂ.ಮೀ., ಚೆಲ್ಲೋದ್ದು 69ರಷ್ಟು. ಸ್ವರಸ್ಥಾನಗಳು ಹತ್ತಿರ ಬಂದುಬಿಡುತ್ತವೆ. ಬಾಸ್‌ನಲ್ಲಿ ಪಿಯಾನೋ, ಡ್ರಮ್ಸ್ ಅಡಿಯಲ್ಲಿ ಹೂತುಹೋಗುತ್ತಿದ್ದ ಮಾತು, ಒಂದು ಸ್ಥಾಯಿ ಏರಿದ ಕೂಡಲೇ ಹಾಡುವ ಗಂಡಸಿನ ದನಿಯ ಎತ್ತರಕ್ಕೆ ಬಂದು ನಿಲ್ಲುತ್ತದೆ.

ಹಾಗಾದರೆ ಕೆಳಗಿನ ಸ್ವರಗಳ ಕೆಲಸ ಯಾರದು? ಇನ್ನೊಬ್ಬ ಬಾಸ್ ವಾದಕರು ಬೇಕು. 1950ರಲ್ಲಿ ಎಲಿಂಗ್ಟನ್ ಮತ್ತು ಅವರ ಸಂಗೀತದ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಜೊತೆ ಪೆಟಿಫೋರ್ಡ್ ಚೆಲ್ಲೋ ಮೀಟಿದಾಗ ಬಾಸ್ ಹಿಡಿದವರು ಲಾಯ್ಡ್ ಟ್ರಾಟ್ಮನ್. 1953ರ ಇನ್ನೊಂದು ರೆಕಾರ್ಡಿನಲ್ಲಿ ಬಾಸ್‌ನ ಮಹಾ ವಿದ್ವಾಂಸ, ಸಾಕ್ಷಾತ್ ಚಾರ್ಲ್ಸ್ ಮಿಂಗಸ್. ಅಂಥ ವಿದ್ವಾಂಸರು ಹಿಂದೆ ನಿಂತು ಇವರಿಗೆ ಜಾಗ ಬಿಟ್ಟುಕೊಟ್ಟರಲ್ಲ, ಅದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇನ್ನು ವೀಣೆಯ ಪ್ರಶ್ನೆ. ವೀಣೆಯಲ್ಲಿ ಒಮ್ಮೆ ಮೀಟಿದರೆ ನಾದ ನಿಂತಿರುತ್ತದೆ, ತಂತಿ ಎಳೆದು ಗಮಕ ಮಾಡಲು ಪುರುಸೊತ್ತು ಸಿಗುತ್ತದೆ. ಚೆಲ್ಲೋದಲ್ಲಿ ವೀಣೆಯ ಹಾಗೆ ತಂತಿಯ ಕೆಳಗೆ ಮೆಟ್ಟಿಲಿಲ್ಲ. ತಂತಿಯನ್ನು ತಡೆದು ಹಿಡಿಯುವುದು ಬೆರಳಿನ ಮಾಂಸ, ಅದು ನಾದವನ್ನು ಕುಡಿದುಬಿಡುತ್ತದೆ. ಸ್ವರ ಹುಟ್ಟಿತು ಅನ್ನುವಷ್ಟರಲ್ಲಿ ಹೋಯಿತು. ಜಾರು ಮಾಡುವುದಿದ್ದರೆ ಆ ಗಳಿಗೆಯೊಳಗೇ ಮಾಡಿ ಮುಗಿಸಬೇಕು. ನೀವು ಬೆಳಗಿನ ಐದಕ್ಕೆ ಎಬ್ಬಿಸಿ ಕೂರಿಸುತ್ತಿದ್ದಿರಲ್ಲ, ಒಂದೇ ಮೀಟಿಗೆ ಮೂರು ಸ್ವರ ಬರಬೇಕು ಅಂತ, ಇಲ್ಲಿ ನನ್ನ ಕೈ ಹಿಡಿದಿರುವುದು ಅದೇ ಸಾಧನೆ. ಬಲಗೈಯ ತೋರುಬೆರಳಿನ ಪಕ್ಕದಲ್ಲಿ ಕಡಲೆಬೇಳೆಯಷ್ಟು ಗಟ್ಟಿ ಚರ್ಮ ಎದ್ದಿದೆ. ಈ ಚಳಿಗೆ ಅದು ಬಿರಿಯುತ್ತದೆ. ರಾತ್ರಿ ಅಮ್ಮ ಕಳಿಸಿದ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತೇನೆ.

ಹೋದ ಶುಕ್ರವಾರ ಒಂದು ಕೆಫೆಯ ನೆಲಮಾಳಿಗೆಯಲ್ಲಿ ನಾಲ್ಕು ಜನ ನುಡಿಸಿದೆವು: ಗಿಟಾರ್, ಬಾಸ್, ಡ್ರಮ್ಸ್, ನಾನು. ಪೆಟಿಫೋರ್ಡ್ ಅವರದೇ ರಚನೆ, ಬ್ಲೂಸ್ ಇನ್ ದ ಕ್ಲಾಸೆಟ್. ನಾಲ್ಕೆಣಿಕೆಯ ಹನ್ನೆರಡು ಆವರ್ತ ಒಂದು ಸುತ್ತು, ಅದರ ಮೇಲೆ ಒಬ್ಬೊಬ್ಬರದೇ ಮನೋಧರ್ಮ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು. ನನ್ನ ಮೊದಲ ಸುತ್ತಿನಲ್ಲಿ ಭಯಕ್ಕೆ ಸ್ವರಗಳನ್ನು ತುರುಕಿದೆ. ಎರಡನೆಯದರಲ್ಲಿ ಯಾಕೋ ಒಂದೇ ಸ್ವರ ಮೀಟಿ ಸುಮ್ಮನಾದೆ. ಅದು ಆರಿಹೋದ ಜಾಗದಲ್ಲಿ ಡ್ರಮ್ಮಿನ ಚರ್ಮದ ಮೇಲೆ ತಂತಿ ಕುಂಚ ಸವರುವ ಸದ್ದು ಕೇಳಿಸಿತು, ಸೀರೆಯ ನೆರಿಗೆ ನೆಲಕ್ಕೆ ಸೋಕಿದ ಹಾಗೆ. ಬಾಸ್ ನುಡಿಸುತ್ತಿದ್ದ ಹಿರಿಯರು ಆ ಸಂದಿನಲ್ಲಿ ಎರಡು ಸ್ವರ ಇಟ್ಟರು. ನಾನು ಅದಕ್ಕೆ ಉತ್ತರ ಕೊಟ್ಟೆ. ಕಮಾನು ಹಿಡಿದಿದ್ದರೆ ಆ ಜಾಗವನ್ನೆಲ್ಲ ನಾನೇ ತುಂಬಿಬಿಡುತ್ತಿದ್ದೆ, ತಾತ. ಮೀಟಿದ ಚೆಲ್ಲೋ ಮುಂದೆ ಕೂತೂ ಉಳಿದವರಿಗೆ ಮಾತಾಡಲು ಬಿಡುತ್ತದೆ. ನಾನು ಅದಕ್ಕೆ ಮನಸೋತಿದ್ದು ಅದಕ್ಕೇ.

ಪೆಟಿಫೋರ್ಡ್ ಕೊನೆಗೆ ಬಂದು ನೆಲೆಸಿದ್ದು ಇದೇ ಊರಿನಲ್ಲಿ. 1958ರಲ್ಲಿ ಯುರೋಪಿಗೆ ಬಂದರು, 1960ರ ಸೆಪ್ಟೆಂಬರಿನಲ್ಲಿ ಇಲ್ಲೇ ತೀರಿಕೊಂಡರು. 37 ವರ್ಷ ಅಷ್ಟೆ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ, ಈ ರಸ್ತೆಯಲ್ಲೂ ಅವರು ನಡೆದಿರಬಹುದು ಅನ್ನಿಸುತ್ತದೆ.

ಶುಕ್ರವಾರದ ಧ್ವನಿಮುದ್ರಣವನ್ನು ಅಪ್ಪನ ಫೋನಿಗೆ ಕಳಿಸಿದ್ದೇನೆ. ಫೋನಿನಲ್ಲೇ ಕೇಳಬೇಡಿ, ದೊಡ್ಡ ಸ್ಪೀಕರಿಗೆ ಹಾಕಿಸಿಕೊಳ್ಳಿ. ಎರಡನೇ ಸುತ್ತಿನಲ್ಲಿ ಶ್ರುತಿ ಎಲ್ಲಾದರೂ ಸರಿದಿದ್ದರೆ ಮುಲಾಜಿಲ್ಲದೆ ಹೇಳಬೇಕು. ಕಮಾನನ್ನು ಬಿಸಾಡಿಲ್ಲ, ಸ್ವರಸ್ಥಾನ ಗಟ್ಟಿಯಾಗಲಿ ಅಂತ ಬೆಳಗಿನ ಸಾಧನೆ ಅದರಲ್ಲೇ.

ಜನವರಿಯಲ್ಲಿ ಬರುವಾಗ ಚೆಲ್ಲೋ ತರಲಾಗುವುದಿಲ್ಲ, ವಿಮಾನದಲ್ಲಿ ಅದಕ್ಕೇ ಒಂದು ಸೀಟು ಕೊಳ್ಳಬೇಕು. ನಿಮ್ಮ ವೀಣೆಯ ಮೇಣ ಸಡಿಲವಾಗಿದೆ ಅಂದಿದ್ದಿರಿ. ನಾನು ಬರುವುದರೊಳಗೆ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಕೂರಿಸಿ ಮೇಳ ಕಟ್ಟಿಸಿಡಿ.

ಅಜ್ಜಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮೊಮ್ಮಗಳು